ಸಾವಕ್ಕನಿಗೆ ಕೊಟ್ಟ ಪುಡಿ

೧೯೯೮ರ ನವೆಂಬರ್ ಹನ್ನೆರಡರ ಬೆಳಿಗ್ಗೆ ಮುಗದದ ಗೋವಿಂದಪ್ಪ ಠಾಣೆಗೆ ಬಂದ. ಹಿಂದಿನ ದಿನ ಅವನ ಹೆಂಡತಿ ಸಾವಕ್ಕ ರಕ್ತ ಕಾರಿ ಸತ್ತಿದ್ದಳು. ಅವನ ಕೈಯಲ್ಲಿ ಕಂದು ಪುಡಿಯ ಪೊಟ್ಟಣವಿತ್ತು.

"ಯಾರ ಮ್ಯಾಲ ಸಂಶೆ ಐತಿ?" ಇನ್ಸ್‌ಪೆಕ್ಟರ್ ಇಸ್ತಿಯಾಕ ನದಾಫ ಕೇಳಿದರು.

"ನವನಗರದ ದತ್ತು ವೈದ್ಯನ ಮ್ಯಾಲರಿ. ಮೊಣಕಾಲು ನೋವಿಗೆ ಇದನ್ನ ಕೊಟ್ಟಿದ್ದ. ಇದ್ರಾಗ ವಿಷ ಹಾಕ್ಯಾನರಿ."

ಎಫ್‌ಐಆರ್ ದಾಖಲಾಯಿತು. ಶವವನ್ನು ಪರೀಕ್ಷೆಗೆ ಕಳುಹಿಸಿ, ಮಧ್ಯಾಹ್ನ ದತ್ತುವಿನ ಅಂಗಡಿಯಲ್ಲಿ ಪಂಚನಾಮೆ ನಡೆಸಿ ಪುಡಿಯ ಡಬ್ಬಿ ಜಪ್ತಿ ಮಾಡಿದರು. ಅಲ್ಲಿ ಕಾಯುತ್ತಿದ್ದವರೆಲ್ಲ ಅದೇ ಪುಡಿ ತಿನ್ನುವವರು. ಕಾನ್‌ಸ್ಟೆಬಲ್ ಹನಮೇಶ ಒಬ್ಬೊಬ್ಬರನ್ನೇ ವಿಚಾರಿಸಿದ.

"ನನಗೇನೂ ಆಗಿಲ್ಲರಿ," ಎಂದಳು ಕರೀಮಾಬಿ ಎಂಬ ಮುದುಕಿ. "ವರ್ಷಾತು ತಗೊಳ್ಳಾಕತ್ತೇನಿ. ಈಗ ಮಾಳಿಗಿ ಹತ್ತತೇನಿ ನೋಡ್ರಿ."

ವಿಷವಾಗಿದ್ದರೆ ಇವರೆಲ್ಲ ಹೇಗೆ ಬದುಕಿದರು? ಅಂದು ದತ್ತುವನ್ನು ಬಿಟ್ಟು ಬರಬೇಕಾಯಿತು.

ಡಿಸೆಂಬರ್‌ನಲ್ಲಿ ಪ್ರಯೋಗಾಲಯದ ವರದಿ ಬಂತು. ಪುಡಿಯಲ್ಲಿ ಶುಂಠಿ, ಅಶ್ವಗಂಧದ ಜತೆ ಡೈಕ್ಲೋಫೆನಾಕ್ ಇತ್ತು. ಔಷಧ ಅಂಗಡಿಯಲ್ಲಿ ಸಿಗುವ ನೋವಿನ ಗುಳಿಗೆ. ಪ್ರಮಾಣವೂ ವಿಪರೀತವಲ್ಲ. ನದಾಫ ಅದನ್ನು ಹಿಡಿದು ಶವಪರೀಕ್ಷೆ ಮಾಡಿದ ವೈದ್ಯೆಯ ಬಳಿ ಹೋದರು.

"ಇಷ್ಟಕ್ಕ ಮನುಷ್ಯಾ ಸಾಯ್ತಾನೇನ್ರಿ ಮೇಡಂ?"

"ಎಲ್ಲಾರೂ ಸಾಯೂದಿಲ್ಲ. ಈ ಔಷಧಿನ ಒಡದು ಹೊರಗ ಹಾಕೂದು ಲಿವರ್ ಕೆಲಸ. ಈಕಿ ಲಿವರ್ ಹಳೇ ಕಾಮಾಲಿಯಿಂದ ಗಟ್ಟಿಯಾಗಿ ಹೋಗಿತ್ತು. ದಿನಾ ತಿಂದದ್ದು ರಕ್ತದಾಗ ಉಳೀತು, ಹೊಟ್ಟ್ಯಾಗ ಹುಣ್ಣಾತು. ರಕ್ತ ಹೆಪ್ಪುಗಟ್ಟಾಕೂ ಲಿವರ್ ಬೇಕು. ಹಿಂಗಾಗಿ ಹರಿಯಾಕತ್ತಿದ್ದು ನಿಲ್ಲಲೇ ಇಲ್ಲ."

ನದಾಫ ಗೋವಿಂದಪ್ಪನನ್ನು ಮತ್ತೆ ಕರೆಸಿದರು.

"ಲಿವರ್ ಕೆಟ್ಟದ್ದು ದತ್ತುಗ ಗೊತ್ತಿತ್ತೇನು?"

"ಗೊತ್ತಿತ್ತರಿ. ಈಕಿ ನನ್ನ ಮುಂದನ ಹೇಳಿದ್ಲು. ದವಾಖಾನ್ಯಾಗ ನೋವಿನ ಗುಳಿಗಿ ಮುಟ್ಟಬ್ಯಾಡ ಅಂದಾರ, ಅದಕ್ಕ ಗಿಡಮೂಲಿಕಿ ಕೇಳಾಕ ನಿಮ್ಮ ಕಡೆ ಬಂದೇನಿ ಅಂತ."

ಅಂದೇ ಸಂಜೆ ದತ್ತುವಿನ ಬಂಧನವಾಯಿತು. ಅವನು ಏನನ್ನೂ ನಿರಾಕರಿಸಲಿಲ್ಲ.

"ಗುಳಿಗಿ ಯಾಕ ಬೆರೆಸಿದಿ?"

"ಅಪ್ಪನ ಕಾಲದ ಪುಡಿಗೆ ಯಾರ ನೋವೂ ಹೋಗ್ತಿದ್ದಿಲ್ಲರಿ. ಜನಾ ಎರಡನೇ ಸಲ ಬರ್ತಿದ್ದಿಲ್ಲ. ಗುಳಿಗಿ ಅರದು ಹಾಕಿದ ಮ್ಯಾಲ ಕಾಲಿಗೆ ಬೀಳಾಕತ್ತಿದ್ರು."

"ಆಕಿ ಒಬ್ಬಾಕಿಗರ ಬರೇ ಮೂಲಿಕಿ ಕೊಡಬೇಕಿತ್ತಲ್ಲ."

"ಕೊಟ್ಟಿದ್ರ ನೋವು ಹೋಗ್ತಿದ್ದಿಲ್ಲರಿ. ದತ್ತುನ ಔಷಧಿ ತಾಗೂದಿಲ್ಲ ಅಂತ ಊರಾಗ ಹೇಳ್ತಿದ್ಲು."

ನದಾಫ ಹೊರಗೆ ಬಂದಾಗ ಗೋವಿಂದಪ್ಪ ಬೆಂಚಿನ ಮೇಲೆ ಕುಳಿತಿದ್ದ.

"ಯಾಕ ಕೊಟ್ಟನಂತರಿ?"

"ಛಲೋ ವೈದ್ಯ ಅನಿಸ್ಕೊಳ್ಳಾಕ."

"ಈಕಿನೂ ಛಲೋ ವೈದ್ಯ ಅಂತಿದ್ಲರಿ," ಎಂದ ಗೋವಿಂದಪ್ಪ. "ಕಡೀ ವಾರ ನೋವಿಲ್ದ ಛಲೋ ನಿದ್ದಿ ಮಾಡಿದ್ಲು."