ಏಳನೇ ಹಾಸಿಗೆಯ ಔಷಧಿ ಕಳವು

ಹದಿನೈದು ಇರಬೇಕಿತ್ತು. ಇದ್ದದ್ದು ಐದು!

ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವವನು ನಾನು. ಇನ್ನೊಮ್ಮೆ ನೋಡಿದೆ—ಅದೇ ಐದು. ಏಳನೇ ಹಾಸಿಗೆಯ ಬಡಗಿಯ ರಕ್ತದಿಂದ ಆ್ಯಂಟಿಬಯಾಟಿಕ್ ಮೂರರಲ್ಲಿ ಎರಡು ಪಾಲು ಮಾಯವಾಗಿತ್ತು. ಇಳಿದಿದ್ದ ಜ್ವರ ಮತ್ತೆ ಏರುತ್ತಿತ್ತು.

ನಾನು ರಿಪೋರ್ಟ್ ವಾರ್ಡಿಗೆ ಮುಟ್ಟಿಸುವಷ್ಟರಲ್ಲಿ ದೊಡ್ಡ ಡಾಕ್ಟರಿಗೆ ಕಳ್ಳಿ ಸಿಕ್ಕಿಬಿಟ್ಟಿದ್ದಳು. "ಸಿಸ್ಟರ್ ಡೋಸ್ ತಪ್ಪಿಸಿದಾರೆ. ಇವತ್ತೇ ಸಸ್ಪೆಂಡ್ ಮಾಡಿಸ್ತೀನಿ!"

"ದೇವರಾಣೆ ಕೊಟ್ಟಿದೀನಿ ಸಾರ್!" ಸಿಸ್ಟರ್ ಖಾಲಿ ಬಾಟಲಿ ಎತ್ತಿ ತೋರಿಸಿದರು.

ಆಗ ಬಂದವರು ಲೆಕ್ಕದಕ್ಕ—ನಮ್ಮ ಔಷಧತಜ್ಞೆ. ವಯಸ್ಸು, ತೂಕ, ಕಿಡ್ನಿಯ ಶಕ್ತಿ ತಿಳಿದರೆ ಸಾಕು, ರಕ್ತದಲ್ಲಿ ಔಷಧಿ ಎಷ್ಟಿರುತ್ತದೆಂದು ಮೊದಲೇ ಹೇಳಬಲ್ಲವರು. ಹದಿನೈದು ಎಂದದ್ದೂ ಅವರೇ.

"ಈ ಸಲ ನಿಮ್ಮ ಲೆಕ್ಕ ಕೈಕೊಡ್ತಾ ಅಕ್ಕಾ?" ಎಂದೆ.

"ಇರಬಹುದು ಕಣೋ. ಕಿಡ್ನಿ ರಿಪೋರ್ಟ್ ಯಾವತ್ತಿಂದು?"

"ಮೂರು ದಿನದ ಹಿಂದಿಂದು. ಕಿಡ್ನಿ ಸೋತಿತ್ತಲ್ಲ, ಅದಕ್ಕೇ ಡೋಸ್ ಇಳಿಸಿದ್ರಿ. ಮೂತ್ರದ ಚಾರ್ಟ್ ನೋಡಿ—ಇವತ್ತಿಗೂ ಅಷ್ಟಕ್ಕಷ್ಟೇ."

ಅವರು ಚಾರ್ಟ್ ನೋಡಲಿಲ್ಲ. ಬಗ್ಗಿ ಮಂಚದ ಕೆಳಗೆ ನೋಡಿದರು.

"ಅಮ್ಮಾ, ಈ ಚಪ್ಪಲಿ ಇವರದಾ?"

"ಹೌದಮ್ಮ," ಎಂದಳು ಬಡಗಿಯ ಹೆಂಡತಿ. "ಬಂದಾಗ ಕಾಲು ಬಾತು ಹಿಡಿಸ್ತಾನೇ ಇರ್ಲಿಲ್ಲ. ಇವತ್ತು ಬೆಳಿಗ್ಗೆ ಸರಾಗವಾಗಿ ಹಾಕ್ಕೊಂಡ್ರು."

"ಹಾಗಾದ್ರೆ ಆ ನೀರೆಲ್ಲ ಎಲ್ಲಿಗೆ ಹೋಯ್ತು?—ಮೂತ್ರದ ಚೀಲ ಖಾಲಿ ಮಾಡ್ತಿರೋದು ಯಾರು?"

ಆಕೆ ತಲೆ ತಗ್ಗಿಸಿದಳು. "ನಾನೇ. ಪದೇ ಪದೇ ತುಂಬ್ತಿತ್ತು. ಪಾಪ, ಸಿಸ್ಟರ್‌ಗೆ ಎಷ್ಟೂಂತ ತೊಂದ್ರೆ ಕೊಡೋದು?"

ಲೆಕ್ಕದಕ್ಕನ ಮುಖ ಅರಳಿತು. "ಸಾರ್, ಕಳ್ಳರು ಸಿಕ್ಕಿದ್ರು. ಒಬ್ಬರಲ್ಲ, ಇಬ್ಬರು—ಇವರ ಎರಡೂ ಕಿಡ್ನಿಗಳು! ಸೋತವು ಎದ್ದು ಕೂತಿವೆ, ಔಷಧೀನ ಬೇಗ ಬೇಗ ಹೊರಗೆ ಹಾಕ್ತಿವೆ. ಅಮ್ಮ ಅಳೀದೆ ಸುರಿದ್ರು, ಚೀಲದಲ್ಲಿ ಉಳಿದಿದ್ದಷ್ಟೇ ಚಾರ್ಟ್‌ಗೆ ಬಂತು. ನಾವಿನ್ನೂ ಸೋತ ಕಿಡ್ನಿಗೆ ತಕ್ಕ ಕಡಿಮೆ ಡೋಸೇ ಕೊಡ್ತಿದ್ವಿ. ಹಳೇ ರಿಪೋರ್ಟ್ ನಂಬಿದ ತಪ್ಪು ನನ್ನದು."

ಹೊಸ ರಕ್ತ ತೆಗೆದೆವು. ಒಂದು ಗಂಟೆಯೊಳಗೆ ಉತ್ತರ ಬಂತು—ಕಿಡ್ನಿ ಹೆಚ್ಚುಕಡಿಮೆ ಸರಿಹೋಗಿತ್ತು. ಡೋಸ್ ಏರಿತು. "ತಪ್ಪಾಯ್ತಮ್ಮ," ಎಂದರು ದೊಡ್ಡ ಡಾಕ್ಟರು ಸಿಸ್ಟರ್ ಕಡೆ ತಿರುಗಿ. ಆ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಅಳುತ್ತಿದ್ದ ಹೆಂಡತಿಯ ಕೈಗೆ ಸಿಸ್ಟರ್ ಅಳತೆಯ ಜಗ್ಗು ಕೊಟ್ಟರು. "ಇನ್ಮೇಲೆ ಅಳೆದು ಸುರೀರಿ. ನಿಮ್ಮೆಜಮಾನ್ರು ಗೆದ್ದಿದ್ದನ್ನ ನಾನೂ ಬರ್ಕೋಬೇಕಲ್ವಾ?"

ಎರಡು ದಿನದ ನಂತರ ಲೆಕ್ಕದಕ್ಕ ಮತ್ತೆ ಹದಿನೈದು ಎಂದರು. ನನಗೆ ಸಿಕ್ಕಿದ್ದು ಹದಿನಾಲ್ಕೂವರೆ. ರಿಪೋರ್ಟ್ ಹಿಡಿದು ಓಡಿದೆ. ಏಳನೇ ಹಾಸಿಗೆ ಖಾಲಿ!

ಬಗ್ಗಿ ಮಂಚದ ಕೆಳಗೆ ನೋಡಿದೆ—ಚಪ್ಪಲಿಯೂ ಇರಲಿಲ್ಲ.

ಬಡಗಿ ಹೊರಗೆ ವಾರ್ಡಿನ ಬಾಗಿಲು ಅಲ್ಲಾಡಿಸಿ ನೋಡುತ್ತ, ಕೀಲು ಸಡಿಲವಾಗಿದೆಯೆಂದು ದೊಡ್ಡ ಡಾಕ್ಟರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದ.