ಭಾನುವಾರದ ಅನುಮಾನ

ಭಾನುವಾರ ಬಂತೆಂದರೆ ಮಹತಿ ಜಕ್ಕೂರಿನ ಆ ಮನೆಗೆ ಬರುತ್ತಿದ್ದಳು. ಆ ಮನೆಯ ಮಗ, ಯಲಹಂಕದ ಸ್ಕೂಲೊಂದರ ಪಿ.ಟಿ. ಮೇಷ್ಟ್ರು ಮುನಿರತ್ನನಿಗೆ ಅದೇ ಅನುಮಾನ.

ಅವನ ಅವ್ವ ಮುನಿಕೆಂಪಮ್ಮನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಆಪರೇಷನ್‌ನಲ್ಲಿ ತೆಗೆಯುವ ಗಡ್ಡೆಯ ಒಂದು ಚೂರನ್ನು ಸಂಶೋಧನೆಗೆ ಕೊಡ್ತೀರಾ ಎಂದು ಲ್ಯಾಬಿನಿಂದ ಕೇಳಿಕೊಂಡು ಬಂದವಳು ಮಹತಿ. ಅವ್ವ ಒಪ್ಪಿದಳು, ಆಪರೇಷನ್ನೂ ಆಯಿತು. ಕೆಲಸ ಅಲ್ಲಿಗೇ ಮುಗೀಬೇಕಿತ್ತಲ್ಲ?

"ಬಾರವ್ವ, ಇಂಗೆ ಕೂತ್ಕ," ಎಂದು ಅವ್ವ ಮಂಚದಲ್ಲಿ ಸರಿದು ಜಾಗ ಕೊಡುವಳು. ಊಟ ಸೇರುತ್ತಾ, ನೋವಿದೆಯಾ ಎಂದು ವಿಚಾರಿಸುತ್ತಲೇ ಮಹತಿ ಕಣ್ಣೆತ್ತಿ ಮುನಿರತ್ನನನ್ನು ನೋಡುವಳು. ಅವನೂ ನೋಡಿದರೆ, ಸಿಕ್ಕಿಬಿದ್ದವಳ ಹಾಗೆ ಥಟ್ಟನೆ ರೆಪ್ಪೆ ಇಳಿಸುವಳು. ಆ ಗಾಬರಿ ಅವನಿಗೆ ಹಿಡಿಸುತ್ತಿತ್ತು. ಹಿಡಿಸಿತಲ್ಲ ಎಂದೇ ಸಿಟ್ಟೂ ಬರುತ್ತಿತ್ತು. ಏನೋ ಮುಚ್ಚಿಡ್ತಿದ್ದಾಳೆ.

ಒಮ್ಮೆ ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳು ಬಿಳಿ ಕೋಟಿನವನೊಬ್ಬನ ಜೊತೆ ಪಿಸುಗುಡುತ್ತಿದ್ದಳು. ಅವ್ವನ ಹೆಸರು ಮುನಿರತ್ನನ ಕಿವಿಗೆ ಬಿತ್ತು. ಇವನನ್ನು ಕಂಡದ್ದೇ ಇಬ್ಬರೂ ಸುಮ್ಮನಾದರು.

ಮುಂದಿನ ಭಾನುವಾರ ಬಸ್ ಹತ್ತಿಸುವ ನೆಪದಲ್ಲಿ ಅವಳ ಜೊತೆ ಕೆರೆ ಏರಿ ಮೇಲೆ ನಡೆದ.

"ನಿಜ ಹೇಳಿ. ನೀವು ಬರೋದು ನಮ್ಮವ್ವನ್ನ ನೋಡೋಕೋ, ಅವಳ ಕಾಯಿಲೆ ನೋಡೋಕೋ?"

ಅವಳು ನಿಂತುಬಿಟ್ಟಳು.

"ಲಿವರ್‌ಗೆ ಹರಡಿದೆಯಾ? ಗೊತ್ತಿದ್ದೂ ಹೇಳ್ತಿಲ್ವಾ?"

"ನಂಗೆ ಗೊತ್ತಿಲ್ಲ ಕಣ್ರೀ. ಇದು ಕಳ್ಳ ಕಾಯಿಲೆ. ಗಡ್ಡೆ ಕಣ್ಣಿಗೆ ಬೀಳೋಕೆ ಮುಂಚೆನೇ ಕೆಲವು ಸೆಲ್‌ಗಳು ರಕ್ತದಲ್ಲಿ ಹೊರಟುಬಿಟ್ಟಿರಬಹುದು. ಲಿವರ್‌ಗೆ ಹೋಗಿ ಸದ್ದಿಲ್ಲದೆ ಕೂತಿರ್ತವೆ. ಯಾವ ಸೆಲ್ ಹೊರಡುತ್ತೆ, ಯಾಕೆ ಹೊರಡುತ್ತೆ ಅಂತ ತಿಳ್ಕೊಳ್ಳೋಕೆ ಆ ಚೂರನ್ನ ಜೆಲ್‌ನಲ್ಲಿ ಬೆಳೆಸಿ ನೋಡ್ತೀವಿ. ನಿಮ್ಮಮ್ಮನದನ್ನ ನಾನೇ ಬೆಳೆಸ್ತಿದ್ದೆ."

"ಈಗ?"

"ಬಿಟ್ಟೆ. ನಮ್ಮ ಲ್ಯಾಬಿನ ಸಂಗಮೇಶನಿಗೆ ಒಪ್ಪಿಸಿದೆ. ಅವತ್ತು ಆಸ್ಪತ್ರೇಲಿ ನೀವು ನೋಡಿದ್ದು ಅವನನ್ನೇ." ಅವಳ ದನಿ ಇಳಿಯಿತು. "ಅವು ಚೆನ್ನಾಗಿ ಬೆಳೆದ್ರೆ ಲ್ಯಾಬಲ್ಲಿ ಎಲ್ಲರಿಗೂ ಖುಷಿ. ಅಮ್ಮನ ಕೈಯಡುಗೆ ತಿಂದು ಹೋಗಿ ನಾನು ಹೇಗೆ ಖುಷಿಪಡ್ಲಿ?"

"ಆ ಕೆಲಸ ಬಿಟ್ಟಮೇಲೆ ಮತ್ಯಾಕೆ ಬರ್ತೀರಿ?"

ಮಹತಿ ನೀರಿನ ಕಡೆ ತಿರುಗಿದಳು. ಕಿವಿ ಕೆಂಪಾಗಿತ್ತು.

"ಇಷ್ಟೆಲ್ಲ ಅನುಮಾನ ಪಡೋರಿಗೆ, ಇದೊಂದು ಅನುಮಾನ ಬರಲೇ ಇಲ್ವಲ್ಲ!"

ಮುನಿರತ್ನನಿಗೆ ನಗು ಬಂತು, ಅದರ ಹಿಂದೆಯೇ ಇಷ್ಟು ದಿನ ಅದುಮಿಟ್ಟಿದ್ದ ಭಯವೂ ಬಂತು.

"ಗುರುವಾರ ಅವ್ವನಿಗೆ ಸ್ಕ್ಯಾನ್. ಏನು ಬರುತ್ತೋ ಅಂತ ಹೆದರಿಕೆ. ಜೊತೆಗೆ ಬರ್ತೀಯಾ?"

'ನೀವು' ಹೋಗಿ 'ನೀನು' ಆದದ್ದು ಇಬ್ಬರಿಗೂ ಕೇಳಿಸಿತು.

"ಬರ್ತೀನಿ," ಎಂದು ಅವಳು ಅವನ ಕೈ ಹಿಡಿದುಕೊಂಡಳು.