ಕಂಕುಳಲ್ಲಿ ಕೋಲು

"ಕೋಲು ಕಂಕುಳಲ್ಲಿ ಸಿಕ್ಕಿಸ್ಕೊಂಡು ಎರಡೂ ಕೈಯಲ್ಲಿ ದಾರ ಎಳೆಯೋದು ಮೀನು ಹಿಡಿಯೋದಾ, ಬಾವಿಯಿಂದ ನೀರು ಸೇದೋದಾ?" ಎಂದು ಕೋಚ್ ಮಾವ ಕೇಳಿದಾಗ ಸಭೆಯಲ್ಲಿದ್ದವರೆಲ್ಲ ನಕ್ಕರು.

ಕಡ್ಡಿ ನಗಲಿಲ್ಲ. ಫ್ಲೈ ಫಿಶಿಂಗ್ ಕ್ಲಬ್ಬಿನ ಸದಸ್ಯರಲ್ಲಿ ಅವಳೇ ಕಿರಿಯಳು. ತೀರಾ ತೆಳ್ಳಗಿದ್ದುದರಿಂದ ಆ ಹೆಸರು. ಕೆರೆಯ ಸ್ಪರ್ಧೆಗಳಲ್ಲಿ ಅವಳು ಹಿಡಿದ ಮೀನುಗಳೆಲ್ಲ ಹಾಗೆ ಎಳೆದು ಹಿಡಿದವೇ. ಕಲಿತದ್ದು ಅಜ್ಜನನ್ನು ನೋಡಿ. ಗರಿ, ನೂಲು ಸುತ್ತಿ ಮಾಡಿದ ಹುಸಿ ಹುಳುವನ್ನು ದೂರಕ್ಕೆ ಬೀಸಬೇಕು. ಆಮೇಲೆ ಕೋಲನ್ನು ಕಂಕುಳಲ್ಲಿ ಅವುಚಿಕೊಂಡು, ಒಂದು ಕೈಯ ಹಿಂದೆ ಇನ್ನೊಂದು ಕೈ ಹಾಕಿ ದಾರವನ್ನು ನಿಲ್ಲಿಸದೆ ಸೆಳೆಯಬೇಕು. ಹುಳು ಜೀವ ಬಂದಂತೆ ನೀರಿನೊಳಗೆ ಓಡುತ್ತದೆ. ಬೇರೆಯವರು ಕೋಲನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಿಂದ ಗೇಣು ಗೇಣಾಗಿ ಎಳೆಯುತ್ತಾರೆ.

ಕ್ಲಬ್ಬಿನಲ್ಲಿ ಈ ಎಳೆತ ಇರಬೇಕೋ ಬೇಡವೋ ಎಂದು ತೀರ್ಮಾನಿಸಲೆಂದೇ ಸಭೆ ಸೇರಿತ್ತು. ಎಡೆಬಿಡದೆ ಎಳೆದರೆ ಗಾಳ ಮೀನಿನ ಹೊಟ್ಟೆಗೋ ಬಾಲಕ್ಕೋ ಚುಚ್ಚಿಕೊಳ್ಳುತ್ತದೆ, ಮೀನು ತಾನಾಗಿ ಬಾಯಿ ಹಾಕಿದರೆ ಮಾತ್ರ ಅದು ಆಟ ಎಂಬುದು ಕೋಚ್ ಮಾವನ ವಾದ. ದರ್ಜಿ ಅತ್ತೆ ಒಪ್ಪಲಿಲ್ಲ.

"ನಾನು ಕೈಯಲ್ಲೂ ಹೊಲೀತೀನಿ, ಮೆಷಿನ್ನಲ್ಲೂ ಹೊಲೀತೀನಿ. ಅಂಗಿ ಹಾಕ್ಕೊಂಡೋರು ಯಾರೂ ತಕರಾರು ಮಾಡಿಲ್ಲ," ಎಂದರು.

ಸಭೆಗೆ ಮೊದಲು ಕೋಚ್ ಮಾವ ಕಡ್ಡಿಯನ್ನು ಹೊರಗೆ ಕರೆದು ಮಾತಾಡಿದ್ದರು. ಈ ಎಳೆತ ಬೇಡವೆಂದು ಕೈ ಎತ್ತಿದರೆ, ಒಂದು ಕೈಯ ಕ್ರಮವನ್ನು ತಾವೇ ಕಲಿಸಿ ದೊಡ್ಡ ಸ್ಪರ್ಧೆಯ ಟೀಮಿಗೆ ಸೇರಿಸುವುದಾಗಿ ಹೇಳಿದ್ದರು. ಕಡ್ಡಿ ಕುಣಿಯುವುದೊಂದು ಬಾಕಿ. ಆಗಲಿ ಎಂದುಬಿಟ್ಟು, ಓಡಿಹೋಗಿ ಅಜ್ಜನಿಗೂ ಹೇಳಿದ್ದಳು.

ಅಜ್ಜನ ಸರದಿ ಬಂತು. ಅವನು ಜಗಳಕ್ಕೆ ನಿಲ್ಲುತ್ತಾನೆಂದೇ ಎಲ್ಲರೂ ಕಾದರು.

"ತೆಗೆದುಹಾಕಿ," ಎಂದ ಅಜ್ಜ. "ಮಕ್ಕಳು ಸರಿಯಾದ ಕ್ರಮ ಕಲೀಲಿ. ನಾನು ದಡದಲ್ಲಿ ಕೂತು ನೋಡ್ತೀನಿ."

ದಡದಲ್ಲಿ ಯಾಕೆ? ಅಜ್ಜನೂ ಒಂದು ಕೈಯಲ್ಲಿ ಎಳೆಯಬಹುದಲ್ಲ ಎಂದುಕೊಂಡು ಕಡ್ಡಿ ಅವನತ್ತ ತಿರುಗಿದಳು. ಅವನು ನೀರಿನ ಲೋಟ ಎತ್ತಿಕೊಳ್ಳುತ್ತಿದ್ದ. ಬಲಗೈ ಸಣ್ಣಗೆ ನಡುಗಿತು. ಲೋಟದ ನೀರು ತುಳುಕಿತು. ಎಡಗೈ ಮೆಲ್ಲನೆ ಬಂದು ಬಲಗೈಯನ್ನು ಹಿಡಿದುಕೊಂಡಿತು, ಯಾರೂ ನೋಡದಿರಲಿ ಎಂಬಂತೆ.

ಆ ಕೈಯಲ್ಲಿ ಕೋಲು ನಿಲ್ಲುವುದಿಲ್ಲ. ಕಂಕುಳಲ್ಲಾದರೆ ನಿಲ್ಲುತ್ತದೆ. ಇಷ್ಟು ದಿನ ಅದನ್ನು ಅಜ್ಜನ ಚಾಲಾಕಿ ಎಂದು ಗೆಳತಿಯರ ಮುಂದೆ ಜಂಬ ಕೊಚ್ಚಿಕೊಂಡಿದ್ದಳಲ್ಲ!

ಕ್ಲಬ್ಬಿನ ಅಧ್ಯಕ್ಷೆಯಾಗಿದ್ದ ಹಲ್ಲಿನ ಡಾಕ್ಟರು, "ಬೇಡ ಎನ್ನುವವರು ಕೈ ಎತ್ತಿ," ಎಂದರು. ಅಜ್ಜ ಎಡಗೈ ಎತ್ತಿದ. ಕೋಚ್ ಮಾವ ಕಡ್ಡಿಯನ್ನೇ ನೋಡುತ್ತಿದ್ದರು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಕುಳಿತಳು. ಇರಲಿ ಎನ್ನುವವರ ಸರದಿ ಬಂದಾಗ ಅವಳ ಕೈ ಮೇಲೆದ್ದಿತು.

ಎರಡೂ ಕಡೆ ಸಮವಾಯಿತು. ತೀರ್ಮಾನ ಡಾಕ್ಟರಿಗೆ ಬಿತ್ತು.

"ಸದ್ಯಕ್ಕೆ ಇರಲಿ. ಆದ್ರೆ ಗಾಳ ಬಾಯಲ್ಲಿದ್ರೆ ಮಾತ್ರ ಮೀನು ಲೆಕ್ಕಕ್ಕೆ. ಬಾಯಿ ನೋಡೋದಂತೂ ನನ್ನ ಕಸುಬೇ," ಎಂದರು ಅವರು.

ಕೋಚ್ ಮಾವ ಕಡ್ಡಿಯೊಡನೆ ಮಾತಾಡದೆ ಹೊರಟುಹೋದರು.

ದಾರಿಯಲ್ಲಿ ಅಜ್ಜ, "ಯಾಕೇ ಹಾಗ್ಮಾಡಿದೆ? ಟೀಮು ಕೈಬಿಟ್ಟು ಹೋಯ್ತಲ್ಲೇ," ಎಂದ.

ಕಾರಣ ಕಡ್ಡಿಯ ನಾಲಗೆಯ ತುದಿಯಲ್ಲೇ ಇತ್ತು. ಅಜ್ಜನ ಬಲಗೈ ಜೇಬಿನೊಳಗಿತ್ತು.

"ಒಂದು ಕೈಯಲ್ಲಿ ಎಳೆಯೋದು ಬೋರು, ಅಜ್ಜ. ಭಾನುವಾರ ನೀನು ನನ್ನ ಪಕ್ಕದಲ್ಲೇ ನಿಂತ್ಕೋ."

"ನಿಂತ್ಕೋತೀನಿ. ಗಲಾಟೆ ಮಾಡಿ ನನ್ನ ಮೀನು ಓಡಿಸ್ಬೇಡ ಮತ್ತೆ."

ಕೋಲುಗಳ ಚೀಲ ಅವನ ಹೆಗಲಿನಿಂದ ಜಾರುತ್ತಿತ್ತು. ಕೊಡು, ನಾನು ಹೊರುತ್ತೇನೆ ಎನ್ನಬೇಕೆನಿಸಿತು ಕಡ್ಡಿಗೆ. ಎನ್ನಲಿಲ್ಲ. ಅವನು ನಿಂತು ಅದನ್ನು ಸರಿಮಾಡಿಕೊಳ್ಳುವವರೆಗೆ, ಚಪ್ಪಲಿಯೊಳಗೆ ಕಲ್ಲು ಸೇರಿಕೊಂಡಿದೆಯೇನೋ ಎಂಬಂತೆ ಬಗ್ಗಿ, ನಿಧಾನವಾಗಿ ಹುಡುಕಿದಳು.